ಅಜ್ಜಿಯೋ ಮೊಮ್ಮಗಳೋ ಎಂದು ಕೇಳುವವರು ಯಾರು?

ಕಲಘಟಗಿ ಬಸ್ ನಿಲ್ದಾಣದ ಹತ್ತಿರದ ಒಂದು ಚಹಾದ ಅಂಗಡಿಯಲ್ಲಿ ಕಳೆದ ಬೇಸಿಗೆಯಲ್ಲಿ ನಡೆದ ಮಾತುಕತೆ ಇದು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ರಜೆಗೆ ಊರಿಗೆ ಬಂದಿದ್ದ. ಮೊಬೈಲಿನಲ್ಲಿ ಏನೋ ಚಿತ್ರ ತೋರಿಸಿ ಬಂದವರಿಗೆಲ್ಲ ಒಂದು ಪ್ರಶ್ನೆ ಹಾಕುತ್ತಿದ್ದ. ಮೂವತ್ತು ವರ್ಷ ಲಾರಿ ಓಡಿಸಿ ಈಗ ಕಣ್ಣಿನ ದೋಷದಿಂದ ಮನೆಯಲ್ಲಿರುವ ಒಬ್ಬ ಹಿರಿಯರ ಸರದಿ ಬಂತು.

“ಚಾಚಾ, ನೀವು ಕಾರಿನ್ಯಾಗ ಕುಂತೀರಿ ಅಂತ ತಿಳ್ಕೋರಿ. ಡ್ರೈವರ್ ಇಲ್ಲ, ಕಾರ್ ತಾನ ಓಡ್ತೈತಿ. ಬ್ರೇಕ್ ಫೇಲ್ ಆಗೈತಿ. ಎಡಕ್ಕ ಹೋದ್ರ ಒಬ್ಬಾಕಿ ಮುದುಕಿ ಸಾಯ್ತಾಳ, ಬಲಕ್ಕ ಹೋದ್ರ ಒಂದು ಸಣ್ಣ ಹುಡುಗಿ. ಯಾರನ್ನ ಉಳಸ್ತೀರಿ?”

ಹಿರಿಯರು ಬಸಿಯಲ್ಲಿದ್ದ ಚಹಾ ಮುಗಿಸಿ ಕೇಳಿದರು: “ಬ್ರೇಕ್ ಫೇಲ್ ಆದ ಗಾಡೀನ ರೋಡಿಗೆ ಬಿಟ್ಟಾಂವ ಯಾರಪಾ ತಮ್ಮಾ? ಮೊದಲ ಅವನ ಹೆಸರ ಹೇಳು.”

“ಅದು ಪ್ರಶ್ನೆದಾಗ ಇಲ್ರಿ ಚಾಚಾ.”

“ಹಂಗಾದ್ರ ಅದು ಪ್ರಶ್ನೆನ ಅಲ್ಲ ಬಿಡು.”

ಅಂಗಡಿಯಲ್ಲಿದ್ದವರು ನಕ್ಕರು. ಹುಡುಗ ಸ್ವಲ್ಪ ಪೆಚ್ಚಾದ. ನನಗೆ ಮಾತ್ರ ಅಂದಿನಿಂದ ಆ ಮಾತು ತಲೆಯಿಂದ ಹೋಗಿಲ್ಲ. ಯಾಕೆಂದರೆ ಹುಡುಗ ತೋರಿಸುತ್ತಿದ್ದುದು ಯಾರೋ ಹೊತ್ತು ಹೋಗದೆ ಮಾಡಿದ ಆಟವಲ್ಲ. ಅಮೆರಿಕದ ಎಂ.ಐ.ಟಿ.ಯ ಸಂಶೋಧಕರು 2016ರಲ್ಲಿ ಶುರುಮಾಡಿದ ‘ಮಾರಲ್ ಮಷಿನ್’ ಎಂಬ ಪ್ರಯೋಗ ಅದು. ಚಾಲಕನಿಲ್ಲದ ಕಾರು ಅಪಘಾತ ತಪ್ಪಿಸಲಾಗದ ಹೊತ್ತಿನಲ್ಲಿ ಯಾರನ್ನು ಉಳಿಸಬೇಕು, ಯಾರನ್ನು ಬಲಿ ಕೊಡಬೇಕು ಎಂದು ಜಗತ್ತಿನ ಜನರನ್ನೇ ಕೇಳಿದರು. 233 ದೇಶ ಮತ್ತು ಪ್ರದೇಶಗಳಿಂದ ಸುಮಾರು ನಾಲ್ಕು ಕೋಟಿ ಉತ್ತರಗಳು ಬಂದವು. 2018ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರಾಣಿಗಿಂತ ಮನುಷ್ಯ ಉಳಿಯಲಿ, ಕೆಲವರಿಗಿಂತ ಹಲವರು ಉಳಿಯಲಿ, ಮುದುಕರಿಗಿಂತ ಎಳೆಯರು ಉಳಿಯಲಿ: ಇವು ಮೂರು ಎದ್ದು ಕಂಡ ಒಲವುಗಳು.

ಯಾರ್‍ಯಾರನ್ನು ಉಳಿಸಬೇಕೆಂದು ಜನ ಹೇಳಿದರು ಎನ್ನುವುದರ ಒಂದು ಪಟ್ಟಿಯೂ ಆ ಲೇಖನದಲ್ಲಿದೆ. ಎಲ್ಲಕ್ಕಿಂತ ಮೇಲೆ ತಳ್ಳುಗಾಡಿಯಲ್ಲಿ ಮಲಗಿದ ಕೂಸು. ಆಮೇಲೆ ಹುಡುಗಿ, ಹುಡುಗ, ಗರ್ಭಿಣಿ. ಡಾಕ್ಟರು ಮೇಲಿದ್ದಾರೆ, ಮನೆಯಿಲ್ಲದವನು ಕೆಳಗಿದ್ದಾನೆ. ಅವನಿಗಿಂತ ಕೆಳಗೆ ಮುದುಕ, ಮುದುಕಿ. ಅವರ ಕೆಳಗೆ ಉಳಿದವರು ನಾಯಿ, ಅಪರಾಧಿ ಮತ್ತು ಬೆಕ್ಕು ಮಾತ್ರ. ಅಪರಾಧಿ ಎನ್ನುವವನು ಕಳ್ಳನೋ ಕೊಲೆಗಾರನೋ, ಶಿಕ್ಷೆ ಮುಗಿಸಿ ಬಂದವನೋ ಎಂದು ಯಾರೂ ಕೇಳಲಿಲ್ಲ. ಅವನು ನಾಯಿಗಿಂತ ಕೆಳಗೆ ಹೋದ. ನಾಲ್ಕು ಕೋಟಿ ಮತ ಬಿದ್ದ ಮಾತ್ರಕ್ಕೆ ಇದು ನೀತಿಯಾಗುವುದಾದರೆ, ನಮ್ಮ ಊರುಗಳಲ್ಲಿ ಪಂಚಾಯಿತಿ ಸೇರಿ ಬಹಿಷ್ಕಾರ ಹಾಕುವುದೂ ನೀತಿಯೇ ಆಗಬೇಕಾಗುತ್ತದೆ.

ಈ ಮತ ಹಾಕಿದವರು ಯಾರು? ಸಂಶೋಧಕರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ: ಇವರಲ್ಲಿ ಹೆಚ್ಚಿನವರು ಗಂಡಸರು, ಕಾಲೇಜು ಮೆಟ್ಟಿಲು ಹತ್ತಿದವರು, ಇಪ್ಪತ್ತರಿಂದ ಮೂವತ್ತರ ಆಸುಪಾಸಿನವರು. ಅಂದರೆ ಎಳೆಯರನ್ನು ಉಳಿಸಿ ಎಂದು ತೀರ್ಪು ಕೊಟ್ಟವರು ಬಹುಪಾಲು ಎಳೆಯರೇ. ಮಿಶ್ರಿಕೋಟಿಯ ಸಂತೆಗೆ ಬುಟ್ಟಿ ಹೊತ್ತು ಬರುವ ಅಜ್ಜಿಯನ್ನು ಯಾರೂ ಕೇಳಲಿಲ್ಲ. ಅವಳ ಕೈಯಲ್ಲಿ ಆ ಮೊಬೈಲ್ ಇರಲೂ ಇಲ್ಲ. ಅವಳ ಪ್ರಾಣದ ಬಗ್ಗೆ ಮತದಾನ ನಡೆದು, ಎಣಿಕೆ ಮುಗಿದು, ಫಲಿತಾಂಶವೂ ಬಂದುಹೋಯಿತು. ಇದನ್ನು ‘ಜಗತ್ತಿನ ನೈತಿಕ ಒಲವು’ ಎಂದು ಕರೆಯುವುದು ಉಡಾಫೆ.

ಇನ್ನೊಂದು ತಮಾಷೆ ನಮ್ಮವರದು. ಅದೇ ಲೇಖನದಲ್ಲಿ ದೇಶಗಳನ್ನು ಮೂರು ಗುಂಪು ಮಾಡಿದ್ದಾರೆ. ಜಪಾನ್, ತೈವಾನ್‌ನಂಥ ದೇಶಗಳ ಜೊತೆ ಇಂಡೋನೇಷಿಯಾ, ಪಾಕಿಸ್ತಾನ, ಸೌದಿ ಅರೇಬಿಯಾದಂಥ ಮುಸ್ಲಿಂ ದೇಶಗಳೂ ಇರುವ ‘ಪೂರ್ವ’ದ ಗುಂಪಿನಲ್ಲಿ ಎಳೆಯರ ಕಡೆಗಿನ ಒಲವು ಅಷ್ಟು ಜೋರಾಗಿಲ್ಲ. ಇದನ್ನು ಓದಿದ ನನ್ನ ಗೆಳೆಯರೊಬ್ಬರು ಹಿಗ್ಗಿದರು: “ನೋಡಿದಿರಾ, ಹಿರಿಯರಿಗೆ ಮರ್ಯಾದೆ ಕೊಡುವ ಸಂಸ್ಕೃತಿ ನಮ್ಮದು.” ಹಿಗ್ಗುವುದಕ್ಕೆ ಏನಿದೆ ಇದರಲ್ಲಿ? ಮುದುಕಿಯ ಬದಲು ಹುಡುಗಿಯ ಮೇಲೆ ಗಾಡಿ ಹಾಯಿಸುವುದಕ್ಕೆ ಇತರರಷ್ಟು ಹಿಂಜರಿಯಲಿಲ್ಲ ಎನ್ನುವುದು ಮರ್ಯಾದೆಯ ಲಕ್ಷಣವೇ? ಹಿರಿಯರಿಗೆ ನಾವು ಕೊಡುವ ಮರ್ಯಾದೆ ನೋಡಬೇಕೆಂದರೆ ಸರ್ಕಾರಿ ಬಸ್ಸಿನಲ್ಲಿ ಹಿರಿಯ ನಾಗರಿಕರಿಗೆ ಮೀಸಲಿಟ್ಟ ಸೀಟಿನಲ್ಲಿ ಯಾರು ಕೂತಿರುತ್ತಾರೆ ಎಂದು ನೋಡಿದರೆ ಸಾಕು.

ನಮ್ಮ ಪರಂಪರೆಯಲ್ಲಿ ಈ ವಿಷಯಕ್ಕೆ ಹತ್ತಿರವಾದ ಒಂದು ಸಂಗತಿ ನಿಜವಾಗಿಯೂ ಇದೆ. ಕೈತಪ್ಪಿ ಆದ ಸಾವಿಗೆ ಹಳೆಯ ಫಿಖ್ಹ್ ಗ್ರಂಥಗಳು ಹೇಳುವ ‘ದಿಯತ್’ ನೂರು ಒಂಟೆ. ಅಂಬೆಗಾಲಿಡುವ ಕೂಸು ಸತ್ತರೂ ನೂರು, ಎಂಬತ್ತರ ಮುದುಕ ಸತ್ತರೂ ನೂರು. ಹುಟ್ಟಿದ ಮೇಲೆ ವಯಸ್ಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಇಷ್ಟನ್ನೇ ಹೇಳಿ ಎದೆ ಉಬ್ಬಿಸುವಂತಿಲ್ಲ. ಅದೇ ಗ್ರಂಥಗಳಲ್ಲಿ ಬಹುಪಾಲು ಪಂಡಿತರು ಹೆಣ್ಣಿಗೆ ಅದರ ಅರ್ಧ ಎಂದರು, ಗುಲಾಮನಿಗೆ ಸಂತೆಯ ಬೆಲೆ ಎಂದರು. ಪ್ರಾಣಕ್ಕೆ ತಕ್ಕಡಿ ಹಿಡಿಯುವ ಚಟ ಯಾವ ಕಾಲಕ್ಕೂ, ಯಾವ ಸಮುದಾಯಕ್ಕೂ ಹೊಸದಲ್ಲ. ಈಗ ಆ ತಕ್ಕಡಿಯನ್ನು ಯಂತ್ರದ ಕೈಗೆ ಕೊಡಲು ಹೊರಟಿದ್ದಾರೆ, ಅಷ್ಟು ವ್ಯತ್ಯಾಸ.

“ಚಾಲಕನಿಲ್ಲದ ಕಾರು ಎಲ್ಲಿ, ಕಲಘಟಗಿ ಎಲ್ಲಿ?” ಎಂದು ಓದುಗರು ಕೇಳಬಹುದು. ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಇಂಥ ಕಾರುಗಳನ್ನು ದೇಶದೊಳಗೆ ಬಿಡುವುದಿಲ್ಲ, ಚಾಲಕರ ಹೊಟ್ಟೆಪಾಡು ಹೋಗುತ್ತದೆ ಎಂದಿದ್ದಾರೆ. ಒಳ್ಳೆಯ ಮಾತು. ಆದರೆ ಯಂತ್ರ ಒಂದೇ ಸಲಕ್ಕೆ ಹೆಬ್ಬಾಗಿಲಿನಿಂದ ಬರುವುದಿಲ್ಲ. ಎದುರಿಗೆ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವ, ಗೆರೆ ಬಿಟ್ಟು ಹೋದರೆ ತಾನೇ ಸ್ಟೇರಿಂಗ್ ಎಳೆಯುವ ಕಾರುಗಳು 2021ರಿಂದೀಚೆಗೆ ನಮ್ಮ ಮಾರುಕಟ್ಟೆಯಲ್ಲಿ ಮಧ್ಯಮ ವರ್ಗದ ಕೈಗೂ ಎಟುಕುತ್ತಿವೆ. 2025ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆ ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರು ಓಡಿತು. ಹುಬ್ಬಳ್ಳಿಯಿಂದ ಗೋವೆಗೋ ಕಾರವಾರಕ್ಕೋ ಹೊರಟ ಕಾರು ಕಲಘಟಗಿಯ ಪೇಟೆ ಹಾಯುವಾಗ ಅದರ ಬ್ರೇಕನ್ನು ಕಾಲು ಹಾಕಿತೋ ಕ್ಯಾಮೆರಾ ಹಾಕಿತೋ ಎಂದು ರಸ್ತೆ ದಾಟುವವರಿಗೆ ತಿಳಿಯುವುದಿಲ್ಲ.

ಆ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಹಾದು ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟುವ ಈ ಹೆದ್ದಾರಿ ಮೊದಲು 63, ಈಗ 52. ಅದಿರಿನ ಹುಚ್ಚು ಏರಿದ್ದ ವರ್ಷಗಳಲ್ಲಿ ಬಳ್ಳಾರಿ ಕಡೆಯಿಂದ ಬೇಲೆಕೇರಿ ಬಂದರಿಗೆ ಹಗಲು ರಾತ್ರಿ ಲಾರಿಗಳು ಇದೇ ದಾರಿಯಲ್ಲಿ ಹರಿದವು. ಮಿತಿಮೀರಿ ಹೇರಿದ ಲಾರಿಗಳ ಸಂಗತಿ 2011ರ ಲೋಕಾಯುಕ್ತ ವರದಿಯಲ್ಲೇ ಇದೆ. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ, ಈ ಪೇಟೆಯಲ್ಲಿ ರಸ್ತೆಯ ಈ ಬದಿಯಿಂದ ಆ ಬದಿಗೆ ಹೋಗಲು ಜನ ಎಷ್ಟು ಹೊತ್ತು ನಿಲ್ಲಬೇಕಿತ್ತು ಎಂದು ಆ ಲಾರಿ ಚಾಚಾ ಹೇಳುತ್ತಾರೆ. ಅವರೂ ಅದಿರು ಹೊತ್ತವರೇ. “ಟ್ರಿಪ್ ಲೆಕ್ಕದ ಮ್ಯಾಲ ಪಗಾರ ಇತ್ರಿ. ನಿಂತ್ರ ರೊಕ್ಕ ಹೋಗ್ತಿತ್ತು. ಮುದುಕರು ಕಂಡ್ರೂ ಹಾರ್ನ್, ಹುಡುಗರು ಕಂಡ್ರೂ ಹಾರ್ನ್.” ಅಂದು ಯಾರನ್ನು ಉಳಿಸಬೇಕೆಂಬ ತೀರ್ಮಾನ ಆದದ್ದು ಅವರ ಸ್ಟೇರಿಂಗ್ ಹಿಂದೆ ಅಲ್ಲ. ಟ್ರಿಪ್ಪಿಗೆ ಇಷ್ಟು ಎಂದು ದರ ಕಟ್ಟಿದ ಕಡೆ, ಹೇರುವ ಕಡೆ, ತೂಕ ಮಾಡದೆ ಬಿಟ್ಟ ತಪಾಸಣಾ ಗೇಟಿನ ಕಡೆ. ಇವತ್ತು ಅದೇ ತೀರ್ಮಾನ ಕಾರಿನ ಕಂಪ್ಯೂಟರಿಗೆ ಸೂಚನೆ ಬರೆಯುವ ಕಡೆಗೆ ಸರಿಯುತ್ತಿದೆ.

2025ರ ಜನವರಿ 22ರ ನಸುಕಿನಲ್ಲಿ ಇದೇ ಹೆದ್ದಾರಿಯಲ್ಲಿ, ಯಲ್ಲಾಪುರ ತಾಲೂಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿ ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಕಂದಕಕ್ಕೆ ಉರುಳಿತು. ಹಣ್ಣು ತರಕಾರಿ ಹೇರಿದ್ದ ಲಾರಿಯಲ್ಲೇ ಹೊರಟಿದ್ದ ಹತ್ತು ಬಡ ವ್ಯಾಪಾರಿಗಳು ಸತ್ತರು. ಸವಣೂರಿನ ಮನೆಮನೆಯಲ್ಲಿ ಅಳು. ‘ಕಾರಿನಲ್ಲಿ ಕುಳಿತವರು’ ಮತ್ತು ‘ರಸ್ತೆ ದಾಟುವವರು’ ಎಂದು ಎರಡೇ ಜಾತಿಯ ಜನರಿರುವ ಮೊಬೈಲಿನ ಆ ಚಿತ್ರದಲ್ಲಿ ಸರಕಿನ ಜೊತೆ ಕುಳಿತು ಹೊಟ್ಟೆಪಾಡಿಗೆ ಹೋಗುವವರಿಗೆ ಜಾಗವೇ ಇಲ್ಲ.

ಈಗ ವಯಸ್ಸಿನ ವಿಷಯಕ್ಕೆ ನೇರವಾಗಿ ಬರೋಣ. ನಮ್ಮ ದೇಶದಲ್ಲಿ ರಸ್ತೆಯ ಸಾವಿಗೆ ವಯಸ್ಸಿನ ಲೆಕ್ಕ ಈಗಾಗಲೇ ಇದೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಿಹಾರ ಗುಣಿಸುವುದಕ್ಕೆ ಒಂದು ಕೋಷ್ಟಕ ಕೊಟ್ಟಿದೆ. ಸತ್ತವರ ವಯಸ್ಸು 25ರೊಳಗಿದ್ದರೆ ವರ್ಷದ ಆದಾಯವನ್ನು 18ರಿಂದ ಗುಣಿಸಬೇಕು. ನಲವತ್ತರ ಹೊತ್ತಿಗೆ ಅದು 15, ಅರವತ್ತರ ಹೊತ್ತಿಗೆ 9, 66ರಿಂದ 70ರವರಿಗೆ 5. ಸ್ವಂತ ಖರ್ಚಿನ ಕಡಿತ ಮುಂತಾದವನ್ನು ಪಕ್ಕಕ್ಕಿಟ್ಟು ಹೇಳುವುದಾದರೆ, ವರ್ಷಕ್ಕೆ ಒಂದು ಲಕ್ಷ ದುಡಿಯುವ 24ರ ಹುಡುಗನಿಗೆ 18 ಲಕ್ಷ, ಅಷ್ಟೇ ದುಡಿಯುವ 68ರ ಅಜ್ಜನಿಗೆ 5 ಲಕ್ಷ. ದುಡಿಯದ ಮಗುವಿನ ಲೆಕ್ಕ ಬೇರೆ. 2013ರಲ್ಲಿ ಕಿಶನ್ ಗೋಪಾಲ್ ಪ್ರಕರಣದಲ್ಲಿ ಹತ್ತು ವರ್ಷದ ಹುಡುಗನ ಸಾವಿಗೆ ವರ್ಷಕ್ಕೆ 30,000 ಎಂದು ಊಹಿಸಿ, 15ರಿಂದ ಗುಣಿಸಿ, ಉಳಿದದ್ದು ಸೇರಿಸಿ 5 ಲಕ್ಷ ಕೊಡಿಸಿದರು.

ನ್ಯಾಯಾಲಯದ ಮೇಲೆ ನನಗೆ ದೂರಿಲ್ಲ. ಆ ಕೋಷ್ಟಕ ಪ್ರಾಣದ ಬೆಲೆ ಕಟ್ಟುವುದಿಲ್ಲ. ನಂಬಿಕೊಂಡಿದ್ದ ಮನೆಮಂದಿ ಎಷ್ಟು ವರ್ಷದ ದುಡಿಮೆ ಕಳೆದುಕೊಂಡರು ಎಂದು ಅಳೆಯುತ್ತದೆ. ವಿಧವೆಯೊಬ್ಬಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ಒಂದು ಕೋಷ್ಟಕ ಇರುವುದು ಲೇಸು. ನನ್ನ ಭಯ ಬೇರೆ. ಕಾರಿಗೆ ಸೂಚನೆ ಬರೆಯುವ ಕಂಪನಿಯಲ್ಲಿ ನಷ್ಟ ಲಾಭದ ಲೆಕ್ಕಿಗರೂ ಇರುತ್ತಾರೆ. ಯಾರಿಗೆ ಡಿಕ್ಕಿಯಾದರೆ ಎಷ್ಟು ಪರಿಹಾರ ಎಂಬ ಕೋಷ್ಟಕ ಅವರ ಮೇಜಿನ ಮೇಲೂ ಇರುತ್ತದೆ. ಸಾವು ಆದ ಮೇಲೆ ಉಳಿದವರ ಕಣ್ಣೀರು ಒರೆಸಲು ಮಾಡಿದ ಲೆಕ್ಕ, ಸಾವು ಆಗುವ ಮೊದಲೇ ಯಾರು ಸಾಯಲಿ ಎಂದು ಆರಿಸುವ ಲೆಕ್ಕವಾಗಿಬಿಟ್ಟರೆ? ‘ಮುದುಕಿಯನ್ನು ಕೊಲ್ಲು’ ಎಂದು ಯಾರೂ ಬರೆಯಬೇಕಾಗಿಲ್ಲ. ‘ನಷ್ಟ ಕಡಿಮೆ ಇರುವ ಕಡೆ ಹೊರಳು’ ಎಂದು ಬರೆದರೆ ಸಾಕು, ಯಂತ್ರ ತಾನೇ ಅಜ್ಜಿಯ ಕಡೆಗೆ ಹೊರಳುತ್ತದೆ.

ಎದುರು ವಾದ ಗಟ್ಟಿಯಾದದ್ದೇ ಇದೆ, ಅದನ್ನು ಹಗುರ ಮಾಡುವಂತಿಲ್ಲ. ಮುದುಕರು ಬಾಳಿ ಬದುಕಿದ್ದಾರೆ, ಕೂಸು ಇನ್ನೂ ಕಣ್ಣು ಬಿಡಬೇಕು, ಒಬ್ಬರನ್ನೇ ಉಳಿಸಲು ಸಾಧ್ಯವಾದರೆ ಕೂಸನ್ನು ಉಳಿಸುವುದು ನ್ಯಾಯ ಎನ್ನುತ್ತಾರೆ. ಕೊರೋನಾ ಕಾಲದಲ್ಲಿ, 2020ರ ಮಾರ್ಚಿನಲ್ಲಿ, ತೀವ್ರ ನಿಗಾ ಹಾಸಿಗೆಗಳು ಸಾಲದಾದಾಗ ವಯಸ್ಸಿನ ಮಿತಿ ಹಾಕಬೇಕಾಗಬಹುದು ಎಂದು ಇಟಲಿಯ ವೈದ್ಯರ ಸಂಘವೇ ಬರೆದಿತ್ತು. ಕಲಘಟಗಿಯ ಯಾವ ಅಜ್ಜಿಯನ್ನು ಕೇಳಿದರೂ “ನನ್ನ ಬಿಡ್ರಿ, ಕೂಸಿನ್ನ ಉಳಸ್ರಿ” ಎಂದೇ ಅಂದಾಳು. ಹೌದು, ಅಂದಾಳು. ಆದರೆ ಆ ಮಾತು ಆಡುವ ಹಕ್ಕು ಅವಳದು. ಅವಳು ತಾನಾಗಿ ಕೊಡುವುದನ್ನು, ಅವಳ ಮುಖ ಕಾಣದವರು ಎಲ್ಲೋ ಕುಳಿತು ಅವಳಿಂದ ಕಿತ್ತುಕೊಳ್ಳುವುದು ಬೇರೆ. ಇಟಲಿಯ ವೈದ್ಯ ತನ್ನ ಎದುರಿಗಿದ್ದ ರೋಗಿಯ ಕೈ ಹಿಡಿದು ನೋಡಿ, ಆ ಗಳಿಗೆಯ ಸಂಕಟವನ್ನು ಹೊತ್ತು ನಿರ್ಧರಿಸಿದ. ಆಮೇಲೆ ನಿದ್ದೆಗೆಟ್ಟ. ಕಾರಿನ ಲೆಕ್ಕದಲ್ಲಿ ನಿದ್ದೆಗೆಡುವವರು ಯಾರೂ ಇಲ್ಲ. ಕಾರಿನಲ್ಲಿ ಕುಳಿತವನಂತೂ ಮೊಬೈಲ್ ನೋಡುತ್ತಿರುತ್ತಾನೆ.

ಆ ಕುಳಿತವನ ಬಗ್ಗೆಯೂ ಒಂದು ಮಾತು. ಇದೇ ವಿಷಯದ ಇನ್ನೊಂದು ಅಧ್ಯಯನ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು. ಹೆಚ್ಚು ಜನರನ್ನು ಉಳಿಸಲು ತನ್ನೊಳಗಿನ ಪ್ರಯಾಣಿಕನನ್ನೇ ಬಲಿ ಕೊಡುವ ಕಾರು ಒಳ್ಳೆಯದು ಎಂದು ಜನ ಒಪ್ಪಿದರು. ಅಂಥದ್ದನ್ನು ನೀವು ಕೊಳ್ಳುತ್ತೀರಾ ಎಂದಾಗ ಹಿಂದೆ ಸರಿದರು. ಬೇರೆಯವರು ಕೊಳ್ಳಲಿ, ನಮಗೆ ನಮ್ಮನ್ನು ಉಳಿಸುವ ಕಾರು ಇರಲಿ. ಪಾಪ, ಮನುಷ್ಯ ಸಹಜ. ಆದರೆ ಮುದುಕಿಯೋ ಹುಡುಗಿಯೋ ಎನ್ನುವ ಪ್ರಶ್ನೆ ಇಷ್ಟು ಜನಪ್ರಿಯವಾದುದೇಕೆ ಎನ್ನುವುದಕ್ಕೆ ಇಲ್ಲಿ ಸುಳಿವಿದೆ. ಆ ಪ್ರಶ್ನೆಯಲ್ಲಿ ಕಾರಿನೊಳಗಿನವನು ಹೇಗೂ ಬದುಕುತ್ತಾನೆ.

ಈ ಎಲ್ಲ ಚರ್ಚೆ ನಡೆಯುತ್ತಿರುವಾಗ ಹೊರಬಿದ್ದ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಜೊತೆ ಸೇರಿ, ಪಾದಚಾರಿಗಳನ್ನು ಗುರುತಿಸುವ ಎಂಟು ಕಂಪ್ಯೂಟರ್ ವ್ಯವಸ್ಥೆಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಕೊಟ್ಟರು. ಮಕ್ಕಳಿಗೆ ಹೋಲಿಸಿದರೆ ದೊಡ್ಡವರನ್ನು ಗುರುತಿಸುವಲ್ಲಿ ಈ ವ್ಯವಸ್ಥೆಗಳ ನಿಖರತೆ ಶೇಕಡ 19.67ರಷ್ಟು ಹೆಚ್ಚು. ಕಪ್ಪು ಮೈಬಣ್ಣದವರಿಗೆ ಹೋಲಿಸಿದರೆ ಬಿಳಿ ಮೈಬಣ್ಣದವರನ್ನು ಗುರುತಿಸುವಲ್ಲಿ ಶೇಕಡ 7.52ರಷ್ಟು ಹೆಚ್ಚು. ಇವು ಸಂಶೋಧನೆಗೆ ಮುಕ್ತವಾಗಿ ಸಿಗುವ ವ್ಯವಸ್ಥೆಗಳು. ಕಂಪನಿಗಳು ತಮ್ಮ ಕಾರಿನೊಳಗಿನದನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಅಂತೂ ಜಗತ್ತಿನ ನಾಲ್ಕು ಕೋಟಿ ಉತ್ತರಗಳು ‘ಎಲ್ಲಕ್ಕಿಂತ ಮೊದಲು ಕೂಸು’ ಎಂದಿವೆ. ಯಂತ್ರದ ಕಣ್ಣಿಗೆ ಕೂಸೇ ಸರಿಯಾಗಿ ಕಾಣುತ್ತಿಲ್ಲ! ಅದರಲ್ಲೂ ಕಪ್ಪು ಮೈಯ, ಕುಳ್ಳಗಿನ, ಶಾಲೆಯ ಚೀಲ ಹೊತ್ತ ಕೂಸು. ಅಂದರೆ ನಮ್ಮ ಕೂಸು.

ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯೂ ಇದೆ. 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದ ಟೆಂಪಿ ಎಂಬಲ್ಲಿ ಊಬರ್ ಕಂಪನಿಯ ಪ್ರಯೋಗದ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ 49 ವರ್ಷದ ಹೆಂಗಸೊಬ್ಬರಿಗೆ ಬಡಿದು ಅವರು ತೀರಿಕೊಂಡರು. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಯಂತ್ರಕ್ಕೆ ಏನೋ ಕಂಡಿತ್ತು. ಒಮ್ಮೆ ವಾಹನ ಎಂದುಕೊಂಡಿತು, ಒಮ್ಮೆ ಏನೆಂದು ತಿಳಿಯದ ವಸ್ತು, ಒಮ್ಮೆ ಸೈಕಲ್. ಜೀಬ್ರಾ ಪಟ್ಟಿ ಇಲ್ಲದ ಕಡೆಯೂ ಮನುಷ್ಯರು ರಸ್ತೆ ದಾಟಬಹುದು ಎನ್ನುವುದನ್ನೇ ಅದಕ್ಕೆ ಕಲಿಸಿರಲಿಲ್ಲ ಎಂದು ಅಲ್ಲಿನ ಸರ್ಕಾರಿ ತನಿಖೆ ಹೇಳಿತು. ಆ ಯಂತ್ರ ಎಳೆಯರು ಮುದುಕರು ಎಂದು ತೂಗಿ ನೋಡಲಿಲ್ಲ. ಎದುರಿಗಿದ್ದುದು ಮನುಷ್ಯಳೆಂದೇ ಅದಕ್ಕೆ ಗೊತ್ತಾಗಲಿಲ್ಲ. ಕೊನೆಗೆ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಒಳಗೆ ಕಾವಲಿಗೆ ಕುಳಿತಿದ್ದ ನೌಕರಳ ಮೇಲೆ ಆಯಿತು, 2023ರಲ್ಲಿ ಅವಳು ತಪ್ಪೊಪ್ಪಿಕೊಂಡಳು. ನಮ್ಮ ಲಾರಿ ಚಾಚಾಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಮಾಲಕ ಎಂದರ ಒಳಗ ಹೋಗ್ಯಾನೇನ್ರಿ?” ಎಂದರು.

ಜೀಬ್ರಾ ಪಟ್ಟಿಯ ಮಾತು ಬಂತಲ್ಲ. ದೇವಿಕೊಪ್ಪದಿಂದ ಕಲಘಟಗಿವರೆಗೆ ಈ ಹೆದ್ದಾರಿಯಲ್ಲಿ ಜನ ಎಲ್ಲಿ ಬೇಕಾದರೂ ದಾಟುತ್ತಾರೆ. ಹೊಲ ಆ ಕಡೆ, ಮನೆ ಈ ಕಡೆ. ಕುರಿ ದಾಟುತ್ತವೆ, ಮೇವಿನ ಚಕ್ಕಡಿ ದಾಟುತ್ತದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಇದು. ತವರಿನವರು ತೊಟ್ಟಿಲು ಹೊರಿಸಿಕೊಂಡು ಬಸ್ಸಿನ ಮೇಲೆ ಹಾಕಲು ಇದೇ ರಸ್ತೆ ದಾಟುತ್ತಾರೆ. ಬೆಳಗ್ಗೆ ಶಾಲೆಯ ಹೊತ್ತಿಗೆ ನಿಂತು ನೋಡಿ. ಅಪ್ಪ ಅವ್ವ ಕೂಲಿಗೆ ಹೋಗಿರುತ್ತಾರೆ. ಮೊಮ್ಮಗಳ ಕೈ ಹಿಡಿದು ಅಜ್ಜಿ ದಾಟಿಸುತ್ತಾಳೆ. ಅಜ್ಜಿಯ ಕಣ್ಣು ಮಂದ, ಆದ್ದರಿಂದ ಗಾಡಿ ಬಂತೋ ಇಲ್ಲವೋ ನೋಡುವವಳು ಮೊಮ್ಮಗಳು. ಮೊಬೈಲಿನ ಚಿತ್ರದಲ್ಲಿ ಅಜ್ಜಿ ಎಡಕ್ಕೆ, ಹುಡುಗಿ ಬಲಕ್ಕೆ ನಿಂತಿದ್ದಾರಲ್ಲ, ನಮ್ಮಲ್ಲಿ ಅವರು ಹಾಗೆ ಬೇರೆ ಬೇರೆ ನಿಲ್ಲುವುದಿಲ್ಲ. ಕಾರು ಯಾವ ಕಡೆ ಹೊರಳಿದರೂ ಇಬ್ಬರಿಗೂ ಬಡಿಯುತ್ತದೆ. ಇಬ್ಬರನ್ನೂ ಉಳಿಸುವ ಉಪಾಯ ಒಂದೇ: ವೇಗ ಇಳಿಸುವುದು. ಪಾದಚಾರಿಗಳು ವಾಹನಗಳ ನಡುವೆ ಬೆರೆಯುವ ಕಡೆ ಗಂಟೆಗೆ 30 ಕಿಲೋಮೀಟರ್ ಮೀರಬಾರದು ಎಂದು 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳ ಘೋಷಣೆ ಹೇಳಿತು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸತ್ತವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಇವರನ್ನು ಯಾವ ನೈತಿಕ ಇಕ್ಕಟ್ಟೂ ಕೊಲ್ಲಲಿಲ್ಲ.

ಜರ್ಮನಿಯವರು ಈ ವಿಷಯದಲ್ಲಿ ನಮಗಿಂತ ಮುಂಚೆ ಎಚ್ಚೆತ್ತರು. ಅಲ್ಲಿನ ಸಂವಿಧಾನ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಉಡೋ ಡಿ ಫಾಬಿಯೋ ಅವರ ಅಧ್ಯಕ್ಷತೆಯ ನೀತಿ ಆಯೋಗ 2017ರಲ್ಲಿ ಸ್ಪಷ್ಟವಾಗಿ ಹೇಳಿತು: ತಪ್ಪಿಸಲಾಗದ ಅಪಘಾತದಲ್ಲಿ ವಯಸ್ಸು, ಲಿಂಗ, ದೇಹ ಅಥವಾ ಮನಸ್ಸಿನ ಸ್ಥಿತಿಯ ಆಧಾರದಲ್ಲಿ ಮನುಷ್ಯರ ನಡುವೆ ಭೇದ ಮಾಡಕೂಡದು. 2021ರಲ್ಲಿ ಅವರ ಕಾನೂನಿನಲ್ಲೂ ಅದು ಸೇರಿತು. ಮನುಷ್ಯರನ್ನು ಪಟ್ಟಿ ಮಾಡಿ, ಬಾಳಲು ಯೋಗ್ಯರು ಅಯೋಗ್ಯರು ಎಂದು ವಿಂಗಡಿಸಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದನ್ನು ಕಂಡು ಸುಟ್ಟುಕೊಂಡ ದೇಶ ಅದು.

ನಮ್ಮ ಕಾನೂನಿನಲ್ಲಿ ಏನಿದೆ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಲ್ಲಿ 2ಬಿ ಎಂಬ ಹೊಸ ಕಲಮು ಇದೆ. ಹೊಸ ಶೋಧ, ಸಂಶೋಧನೆಗೆ ಉತ್ತೇಜನ ಕೊಡಲು ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ಈ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ವಾಹನಕ್ಕೆ ವಿನಾಯಿತಿ ಕೊಡುವ ಬಾಗಿಲು ಹೀಗೆ ಮೊದಲೇ ತೆರೆದಿದೆ. ಆ ವಾಹನದ ಎದುರು ಬರುವ ಅಜ್ಜಿಯ ವಯಸ್ಸನ್ನು ಎಣಿಸಬಾರದು, ಮೊಮ್ಮಗಳನ್ನು ಗುರುತಿಸಲಾಗದ ಕ್ಯಾಮೆರಾಕ್ಕೆ ಪರವಾನಗಿ ಇಲ್ಲ, ಬ್ರೇಕ್ ಕೆಟ್ಟರೆ ಜೈಲಿಗೆ ಹೋಗಬೇಕಾದವನು ಒಳಗೆ ಕುಳಿತ ನೌಕರನಲ್ಲ, ಗಾಡಿಯನ್ನು ರಸ್ತೆಗೆ ಬಿಟ್ಟವನು ಎನ್ನುವ ಸಾಲುಗಳನ್ನು ಆ ಕಲಮಿನಲ್ಲಿ ಬರೆದಿಲ್ಲ. ಮೊದಲ ವಿನಾಯಿತಿ ಪತ್ರಕ್ಕೆ ಸಹಿ ಬೀಳುವ ಮೊದಲು ಅವನ್ನು ಬರೆಯಿಸಬೇಕು. ನಮ್ಮ ಸಂಸದರು, ಶಾಸಕರು ಓಟು ಕೇಳಲು ಇದೇ ಹೆದ್ದಾರಿಯಲ್ಲಿ ಬರುತ್ತಾರೆ. ಶಾಲೆಯ ಮುಂದೆ 30ರ ಫಲಕ ಯಾಕಿಲ್ಲ ಎಂದು ಅವರನ್ನು ಕೇಳುವುದಕ್ಕಂತೂ ಚಾಲಕನಿಲ್ಲದ ಕಾರು ಬರುವವರೆಗೆ ಕಾಯಬೇಕಾಗಿಲ್ಲ.